ಕಿಟ್ಟೆಲ್ ಊರಿಗೆ ಕೆಂಚಿ

ಜರ್ಮನಿಯಲ್ಲಿ ಜನಸಾಮಾನ್ಯರು ಪಟಾಕಿ ಹಾರಿಸಬಹುದಾದದ್ದು ವರ್ಷಕ್ಕೆ ಎರಡೇ ದಿನ, ಡಿಸೆಂಬರ್ 31 ಮತ್ತು ಜನವರಿ 1. ಅಂಗಡಿಯವರು ಮಾರುವುದಕ್ಕೂ ವರ್ಷದ ಕೊನೆಯ ಮೂರೇ ದಿನ. ಅದರಲ್ಲಿ ಭಾನುವಾರ ಬಂದರೆ ಒಂದು ದಿನ ಮುಂಚೆ ಶುರು. ಉಳಿದ ದಿನಗಳಲ್ಲಿ ರಾತ್ರಿ ಹತ್ತರ ಮೇಲೆ ಮಿಕ್ಸರ್ ತಿರುಗಿಸಿದರೂ ಚೀಟಿ ಬರೆದು ಬಾಗಿಲಿಗೆ ಅಂಟಿಸುವ ಜನ, ಆ ಒಂದು ರಾತ್ರಿ ನಮ್ಮ ಹುಬ್ಬಳ್ಳಿಯ ದೀಪಾವಳಿ, ಗಣಪತಿ ವಿಸರ್ಜನೆ ಎರಡನ್ನೂ ಕೂಡಿಸಿ ಒಂದೇ ತಾಸಿನಲ್ಲಿ ಮುಗಿಸುತ್ತಾರೆ. ನಾಯಿ ಸಾಕಿದವರ ಪಾಡು ಆಗ ಕೇಳಬಾರದು. ಪಶುವೈದ್ಯರ ಹತ್ತಿರ ಮಾತ್ರೆ ಬರೆಸಿಕೊಂಡು ಬರುವವರು ಕೆಲವರು, ಕಿಟಕಿ ಮುಚ್ಚಿ ಟಿವಿ ಜೋರು ಮಾಡಿ ಕೂಡುವವರು ಕೆಲವರು, ಊರನ್ನೇ ಬಿಟ್ಟು ಹೋಗುವವರು ಇನ್ನು ಕೆಲವರು. ನಮ್ಮ ಮಗಳು ಈ ಮೂರನೆಯ ಪೈಕಿ. 2024ರ ಕೊನೆಗೆ ನಾನು ಸ್ಟುಟ್‌ಗಾರ್ಟ್ ಹತ್ತಿರದ ಅವಳ ಮನೆಯಲ್ಲಿದ್ದೆ. ಆ ದೇಶದ ದಕ್ಷಿಣದಿಂದ ಉತ್ತರದ ಸಮುದ್ರದಂಡೆಯವರೆಗೆ ನಾವು ಕಾರು ಓಡಿಸಿಕೊಂಡು ಹೋದದ್ದು ಒಂದು ನಾಯಿಯ ಸಲುವಾಗಿ.

ನಾಯಿಯ ಹೆಸರು ಕೆಂಚಿ. ಹುಟ್ಟಿದ್ದು ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಮನೆಯೆದುರಿನ ಖಾಲಿ ಪ್ಲಾಟಿನಲ್ಲಿ ಬಿದ್ದಿದ್ದ ಸಿಮೆಂಟ್ ಪೈಪಿನೊಳಗೆ, 2021ರ ಮಳೆಗಾಲದಲ್ಲಿ. ಕೊರೋನಾ ಕಾಲ, ಮಗಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮರಿಗೆ ಓಣಿಯ ಐದಾರು ಮನೆಗಳಲ್ಲಿ ಋಣವಿತ್ತು. ನಮ್ಮಲ್ಲಿ ಬೆಳಗಿನ ತಂಗಳ ರೊಟ್ಟಿ, ಮೂಲೆಮನೆಯ ಮಾಸ್ತರರಲ್ಲಿ ಹಾಲು, ಹೂ ಮಾರುವಾಕೆಯ ಬುಟ್ಟಿಯ ಪಕ್ಕ ಮಧ್ಯಾಹ್ನದ ನಿದ್ದೆ. ಯಾರ ನಾಯಿ ಎಂದು ಯಾರೂ ಕೇಳಲಿಲ್ಲ. ಹೆಸರು ಕೂಡ ಯಾರು ಇಟ್ಟರೋ, ಬಣ್ಣ ನೋಡಿ ಯಾರದೋ ಬಾಯಿಗೆ ಬಂದದ್ದು ಹಾಗೇ ಉಳಿಯಿತು. ಮುಂದೆ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಅಳಿಯ ಮೊದಲೇ ಅಲ್ಲಿದ್ದ. ಹೊರಟು ನಿಂತಾಗ "ಅವ್ವಾ, ಕೆಂಚೀನೂ ಒಯ್ತೀನಿ" ಅಂದಳು. "ಓಣಿ ನಾಯಿ ಓಣ್ಯಾಗ ಇರಲಿ ಬಿಡವಾ" ಎಂದೆ. ಕೇಳುವ ಹುಡುಗಿಯಲ್ಲ.

ಆಮೇಲೆ ಶುರುವಾಯಿತು ಕಾಗದಪತ್ರದ ಕೆಲಸ. ಭಾರತದಿಂದ ಯುರೋಪಿಗೆ ನಾಯಿ ಹೋಗಬೇಕಾದರೆ ಮೊದಲು ಕತ್ತಿನ ಚರ್ಮದಡಿ ಚಿಪ್ ಕೂಡಿಸಬೇಕು, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಯುರೋಪ್ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ಷಣೆಯ ಅಂಶ ಒಂದು ಮಿಲಿಲೀಟರಿಗೆ 0.5 ಯೂನಿಟ್ ಅಥವಾ ಅದಕ್ಕೂ ಮೇಲೆ ಬರಬೇಕು. ಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ನನ್ನ ವೀಸಾ ಇದಕ್ಕಿಂತ ಬೇಗ ಬಂತು. ಯುರೋಪಿನವರದು ತಪ್ಪು ಅನ್ನಲಾರೆ. ನರಿಗಳಿಗೆ ಕಾಡಿನಲ್ಲಿ ತಿನಿಸಿನೊಳಗೆ ಲಸಿಕೆಯಿಟ್ಟು ದಶಕಗಳ ಕಾಲ ದುಡಿದು ಜರ್ಮನಿ 2008ರಲ್ಲಿ ರೇಬೀಸ್‌ಮುಕ್ತ ಅನ್ನಿಸಿಕೊಂಡ ದೇಶ. ಅಷ್ಟು ಕಷ್ಟಪಟ್ಟು ಓಡಿಸಿದ್ದನ್ನು ಸಪ್ತಾಪುರದ ಕೆಂಚಿಯ ಬಾಯಲ್ಲಿ ವಾಪಸು ಕರೆಸಿಕೊಳ್ಳಲು ಯಾರಿಗೆ ಮನಸ್ಸಿದ್ದೀತು?

ಅಲ್ಲಿ ಮುಟ್ಟಿದ ಮೇಲೆ ಕೆಂಚಿ ತೆರಿಗೆ ಕಟ್ಟುವ ಜೀವಿಯಾದಳು. ನಾಯಿ ಸಾಕುವವರು ನಗರಸಭೆಗೆ ವರ್ಷಕ್ಕಿಷ್ಟು ಕಟ್ಟಬೇಕು, ಅದರ ಬಿಲ್ಲೆ ಕೊರಳಲ್ಲಿ ತೂಗಬೇಕು. ಅವಳಿಗೆ ನೀಲಿ ಬಣ್ಣದ ಪಾಸ್‌ಪೋರ್ಟೂ ಇದೆ. ಅದರಲ್ಲಿ ತಳಿ ಎನ್ನುವ ಕಡೆ ಮಿಶ್ರ ಎಂದು ಬರೆದಿದ್ದಾರೆ. ದಾರಿಯಲ್ಲಿ ಸಿಕ್ಕವರೆಲ್ಲ ಅದನ್ನೇ ಕೇಳುವವರು, ಇದು ಯಾವ ತಳಿ, ಇದರಲ್ಲಿ ಏನೇನು ಬೆರೆತಿದೆ ಎಂದು. ನಮ್ಮ ಕಡೆ ಮನುಷ್ಯರನ್ನು ಜಾತಿ ಕೇಳಿದಂತೆ ಅಲ್ಲಿ ನಾಯಿಯನ್ನು ಕೇಳುತ್ತಾರೆ. ಅಳಿಯ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ, "ಧಾರವಾಡ್." ಅವರು ಅದೂ ಒಂದು ತಳಿಯೇ ಇರಬೇಕು ಎಂದು ತಲೆಯಾಡಿಸುತ್ತಿದ್ದರು.

ಈ ಪ್ರಯಾಣದಲ್ಲಿ ನನಗೆ ನನ್ನದೇ ಆದ ಒಂದು ಆಸೆಯಿತ್ತು. ನಾನು ಕೆಲಸ ಮಾಡಿದ್ದು ಕಾಲೇಜಿನ ಗ್ರಂಥಾಲಯದಲ್ಲಿ. ರೆಫರೆನ್ಸ್ ವಿಭಾಗದ ಕಪಾಟಿನಲ್ಲಿ ಫರ್ಡಿನಾಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿನ ಹಳೇ ಪ್ರತಿಯಿತ್ತು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಸುಮಾರು 70,000 ಶಬ್ದ, 1,700ಕ್ಕೂ ಮೇಲೆ ಪುಟ. ಎರಡೂ ಕೈ ಹಚ್ಚಿ ಎತ್ತಬೇಕು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದರಾಸು ವಿಶ್ವವಿದ್ಯಾಲಯದ ನಾಲ್ಕು ಸಂಪುಟಗಳು ಬಂದ ಮೇಲೂ ಹಿರಿಯ ಪ್ರಾಧ್ಯಾಪಕರು ಹಳೆಯದನ್ನೇ ಕೇಳುತ್ತಿದ್ದರು. ಧಾರವಾಡದಲ್ಲಿ ಕಿಟ್ಟೆಲ್ ಅನ್ನುವುದು ಪುಸ್ತಕದ ಹೆಸರಷ್ಟೇ ಅಲ್ಲ, ಕಾಲೇಜಿನ ಹೆಸರು, ಆಟೋದವರಿಗೆ ಹೇಳುವ ಗುರುತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಕಿಟ್ಟೆಲ್ ಆ ಮಿಷನ್ನಿನವರಾಗಿ 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದರು. ನಮ್ಮ ಸೀಮೆಯ ಕನ್ನಡ ಅವರ ಕಿವಿಗೆ ಬಿದ್ದದ್ದು ಆ ಎಳೆ ವಯಸ್ಸಿನಲ್ಲಿ.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ದಿನ ಟ್ಯೂಬಿಂಗನ್‌ಗೆ ಹೋಗಿ ಬಂದಿದ್ದೆವು. ನೆಕ್ಕರ್ ನದಿಯ ದಂಡೆಗೆ ಕಟ್ಟಿಗೆಯ ಚೌಕಟ್ಟಿನ ಓರೆಕೋರೆ ಮನೆಗಳು, ಇಳಿಜಾರು ಕಲ್ಲುಹಾಸು, ಸೈಕಲ್ಲಿನ ಮೇಲೆ ವಿದ್ಯಾರ್ಥಿಗಳು. ಕಿಟ್ಟೆಲ್ ಕೊನೆಗಾಲ ಕಳೆದದ್ದು ಅಲ್ಲಿ. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನಿಘಂಟು ಮುಗಿದ ಮೇಲೂ ಮನುಷ್ಯ ಸುಮ್ಮನೆ ಕೂಡಲಿಲ್ಲ, ಕನ್ನಡ ವ್ಯಾಕರಣ ಬರೆದರು. ಅದು ಹೊರಬಂದದ್ದು 1903ರಲ್ಲಿ, ಅದೇ ವರ್ಷ ಡಿಸೆಂಬರ್ 18ರಂದು ತೀರಿಕೊಂಡರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಇವನ್ನೆಲ್ಲ ಸಂಪಾದಿಸಿದ ಮನುಷ್ಯ, ಕನ್ನಡದಲ್ಲಿ ಒಂದು ಮಾತಾಡಲು ಯಾರೂ ಇಲ್ಲದ ಆ ಓಣಿಗಳಲ್ಲಿ ಹತ್ತು ಚಳಿಗಾಲ ಹೇಗೆ ಕಳೆದರೋ ಎಂದು ನನಗೆ ಅನ್ನಿಸಿತು. ಕೆಂಚಿ ಮಾತ್ರ ಸೇತುವೆಯ ಮೇಲೆ ಬಾತುಗಳಿಗೆ ಬ್ರೆಡ್ ಹಾಕುತ್ತಿದ್ದವನ ಚೀಲದ ಮೇಲೆ ಕಣ್ಣಿಟ್ಟಿದ್ದಳು. ಅವಳು ಹುಟ್ಟಿದೂರಿನಿಂದ ಇಷ್ಟು ದೂರ ಬಂದವಳು, ಅವರು ಇಲ್ಲಿಂದ ಅಷ್ಟು ದೂರ ಹೋದವರು. ರೈಲಿನಲ್ಲಿ ವಾಪಸು ಬರುವಾಗ ಅಳಿಯ ಮ್ಯಾಪ್ ತೆಗೆದು "ಅತ್ತಿ, ಕಿಟ್ಟೆಲ್ ಹುಟ್ಟಿದೂರು ನಾವು ಹೋಗೋ ದಾರ್ಯಾಗನ ಐತ್ರಿ" ಎಂದ. ಪಟಾಕಿಯಿಂದ ತಪ್ಪಿಸಿಕೊಳ್ಳಲು ಮಗಳು, ಅಳಿಯ ಗೊತ್ತು ಮಾಡಿದ್ದ ಮನೆ ಪೂರ್ವ ಫ್ರೀಸ್‌ಲ್ಯಾಂಡಿನ ಸಮುದ್ರದಂಡೆಯಲ್ಲಿತ್ತು. ಅಲ್ಲಿಯ ಕಡಲಂಚಿನ ರಾಷ್ಟ್ರೀಯ ಉದ್ಯಾನದಲ್ಲಿ ಪಟಾಕಿ ನಿಷಿದ್ಧ. ಅಲ್ಲಿಂದ ಒಂದು ಹರದಾರಿಯೂ ಆಗದ ದೂರದಲ್ಲಿ, ಡೋರ್ನುಮ್ ಎಂಬ ಊರಿಗೆ ಹೊಂದಿಕೊಂಡು, ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿ. 1832ರಲ್ಲಿ ಅಲ್ಲಿಯ ಪಾದ್ರಿಯ ಮಗನಾಗಿ ಕಿಟ್ಟೆಲ್ ಹುಟ್ಟಿದ್ದು.

ಡಿಸೆಂಬರ್ 30ಕ್ಕೆ ಹೊರಟೆವು. ಬೆಳಗಿನ ಏಳು ಗಂಟೆ, ಇನ್ನೂ ಕಗ್ಗತ್ತಲು. ಚಳಿಗಾಲದ ಟೈರು ಅಕ್ಟೋಬರಿನಲ್ಲೇ ಹಾಕಿಸಿದ್ದರು. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಬೇಸಿಗೆ ಟೈರಿನ ಮೇಲೆ ಓಡಿಸಿದರೆ ದಂಡ. ನಾಯಿಯನ್ನು ಸೀಟಿನ ಮೇಲೆ ಸುಮ್ಮನೆ ಕೂಡಿಸಿಕೊಂಡು ಹೋಗುವಂತೆಯೂ ಇಲ್ಲ. ಅವರ ಸಂಚಾರ ನಿಯಮದ ಪ್ರಕಾರ ಕಾರಿನಲ್ಲಿ ನಾಯಿ ಎಂದರೆ ಸರಕು, ಸರಕನ್ನು ಬಿಗಿದಿರಬೇಕು. ಹಿಂದೆ ಅವಳ ಪೆಟ್ಟಿಗೆ, ಅದರೊಳಗೆ ನಾನು ಧಾರವಾಡದಿಂದ ಒಯ್ದಿದ್ದ ಕುರಿ ಕಂಬಳಿಯ ತುಂಡು. ಬೀದಿ ನಾಯಿಗೆ ಮೈತುಂಬ ಕೂದಲಿಲ್ಲ, ಆ ಊರಿನ ನಾಯಿಗಳಿಗೆ ಹುಟ್ಟಾ ಇರುವ ಒಳಗಿನ ಉಣ್ಣೆಯ ಪದರವೂ ಇಲ್ಲ. ಮಗಳು ಅವಳಿಗೆ ದುಬಾರಿ ಕೋಟು ತಂದಿದ್ದಳು. ಕೆಂಚಿ ಅದನ್ನು ಹಾಕಿಸಿಕೊಂಡು ಅಲುಗಾಡದೆ ನಿಂತುಬಿಡುತ್ತಿದ್ದಳು, ಹೊಸ ಸೀರೆ ಉಟ್ಟು ಫೋಟೋಕ್ಕೆ ನಿಂತ ಮದುಮಗಳ ಹಾಗೆ. ಕಂಬಳಿಯ ಮೇಲೆ ಮಾತ್ರ ಸುತ್ತಿ ಸುತ್ತಿ ಮಲಗುತ್ತಿದ್ದಳು. ರಸ್ತೆಗೆ ಸುರಿದ ಉಪ್ಪು ಪಾದದ ಸೀಳಿನೊಳಗೆ ಹೋಗಿ ಉರಿಯುತ್ತದೆಂದು ಪ್ರತಿ ಸಲ ಇಳಿಸುವ ಮುಂಚೆ ಮುಲಾಮು, ಹತ್ತಿಸಿಕೊಂಡ ಮೇಲೆ ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆಯುವುದು. ನಮ್ಮವರಿಗೆ ಈ ಸುದ್ದಿ ಫೋನಿನಲ್ಲಿ ಹೇಳಿದೆ. ಅವರು ಚಳಿಗೆ ಹೆದರಿ ಧಾರವಾಡದಲ್ಲೇ ಉಳಿದಿದ್ದರು. "ನನ್ನ ಕಾಲು ನೀ ಯಾವತ್ತರ ತೊಳದೀ ಏನು?" ಅಂದರು.

ವೂರ್ಟ್ಸ್‌ಬುರ್ಗ್ ದಾಟಿ ಎ7 ಹೆದ್ದಾರಿ ಹಿಡಿದೆವು. ಜರ್ಮನಿಯ ಅತಿ ಉದ್ದದ ಹೆದ್ದಾರಿ ಅದು, ಡೆನ್ಮಾರ್ಕಿನ ಗಡಿಯಿಂದ ಆಸ್ಟ್ರಿಯಾದ ಗಡಿಯವರೆಗೆ 960 ಕಿಲೋಮೀಟರಿನ ಸುಮಾರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹೊಲಗಳೆಲ್ಲ ಹೆಸರಿಗಷ್ಟೇ ಇದ್ದವು. ನಡುವೆ ಒಂದು ಕಡೆ ವಾಹನಗಳೆಲ್ಲ ನಿಂತವು. ಮುಂದೆಲ್ಲೋ ಅಪಘಾತ. ನಿಲ್ಲುವ ಮುಂಚೆಯೇ ಎಡಗಡೆ ಸಾಲಿನವರು ಇನ್ನಷ್ಟು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಒಂದು ಹಾದಿ ಬಿಟ್ಟರು. ಅಂಬ್ಯುಲೆನ್ಸು ಆ ಹಾದಿಯಲ್ಲಿ ಒಂದು ಹಾರ್ನ್ ಜಾಸ್ತಿ ಹೊಡೆಯದೆ ಹೋಯಿತು. ಪೊಲೀಸರು ಯಾರೂ ಇರಲಿಲ್ಲ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ಸಂಜೆ ಆರು ಗಂಟೆಗೆ ನಿಂತು ಗೊತ್ತಿರುವ ನನಗೆ ಇದು ಕೊಲೋನಿನ ಇಗರ್ಜಿಗಿಂತ ದೊಡ್ಡ ನೋಟ ಅನ್ನಿಸಿತು.

ಅವತ್ತು ಎಳ್ಳ ಅಮಾಸಿ. ನನಗೆ ನೆನಪಿತ್ತು, ಮಕ್ಕಳಿಗೆ ಇರಲಿಲ್ಲ. ಹಿಂದಿನ ರಾತ್ರಿಯೇ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜ್ವಾಳದ ರೊಟ್ಟಿ, ಬದನೀಕಾಯಿ ಎಣಗಾಯಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ಹೆದ್ದಾರಿ ಪಕ್ಕದ ತಂಗುದಾಣದಲ್ಲಿ ಕಟ್ಟಿಗೆಯ ಮೇಜಿನ ಮೇಲೆ ಬಿಚ್ಚಿದೆ. ಬೆಂಚಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಯಾರೂ ಕೂಡಲಿಲ್ಲ, ನಿಂತೇ ತಿಂದೆವು. ನವಲಗುಂದದ ಕಡೆಯ ನನ್ನ ತವರುಮನೆಯಲ್ಲಿ ಈ ದಿನ ಎತ್ತಿನ ಬಂಡಿ ಕಟ್ಟಿ ಎರೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಹೂಬಿಟ್ಟಿರುತ್ತದೆ. ಮನೆಯ ನಾಯಿ ಬಂಡಿಯ ಅಡಿಯಲ್ಲಿ, ಅಚ್ಚಿನ ನೆರಳಿನಲ್ಲೇ ಊರಿನಿಂದ ಹೊಲದ ತನಕ ನಡೆದು ಬರುತ್ತಿತ್ತು. ಯಾರೂ ಕರೆಯುತ್ತಿರಲಿಲ್ಲ, ಯಾರೂ ಕಟ್ಟಿ ಎಳೆಯುತ್ತಿರಲಿಲ್ಲ. ಚರಗ ಚೆಲ್ಲಿದ್ದರಲ್ಲಿ ಭೂಮಿತಾಯಿಗೆ ಎಷ್ಟು ಹೋಯಿತೋ, ಹಿಂದಿನಿಂದ ನಾಯಿಗೆ ಎಷ್ಟು ಹೋಯಿತೋ ಲೆಕ್ಕವಿಟ್ಟವರಿಲ್ಲ. ತಂಗುದಾಣದ ಬೇಲಿಯಾಚೆ ಒಂದು ಹೊಲವಿತ್ತು, ಹಸಿರು ಎಳೆ ಗೋಧಿ ಇರಬೇಕು. ನಾನು ಒಂದು ತುತ್ತು ಮುರಿದು ಆಕಡೆ ಚೆಲ್ಲಿದೆ. "ಅವ್ವಾ, ಇಲ್ಲೆ ಕಸಾ ಚೆಲ್ಲಿದ್ರ ದಂಡಾ ಹಾಕ್ತಾರ" ಎಂದಳು ಮಗಳು. ಅಷ್ಟರಲ್ಲಿ ಕೆಂಚಿ ಹಗ್ಗ ಜಗ್ಗಿ, ಬೇಲಿಯಡಿ ಮೂತಿ ತೂರಿಸಿ ಆ ತುತ್ತನ್ನು ಮುಗಿಸಿದ್ದಳು.

ರಾತ್ರಿ ತಂಗಿದ್ದು ಕಾಸೆಲ್ ದಾಟಿದ ಮೇಲೆ, ದಾರಿಬದಿಯ ಹಳೇ ಛತ್ರದಂಥ ಹೋಟೆಲಿನಲ್ಲಿ. ಊಟದ ಮನೆಗೆ ನಾಯಿಯ ಸಮೇತ ಹೋದೆವು. ಬಡಿಸುವಾಕೆ ನಮಗೆ ಏನು ಬೇಕು ಎಂದು ಕೇಳುವುದಕ್ಕೂ ಮುಂಚೆ ಕೆಂಚಿಯ ಮುಂದೆ ಒಂದು ಬಟ್ಟಲು ನೀರು ತಂದಿಟ್ಟಳು. ಪಕ್ಕದ ಮೇಜಿನಡಿ ಇನ್ನೊಂದು ನಾಯಿ ಮಲಗಿತ್ತು, ಒಂದು ಸಲವೂ ಬೊಗಳಲಿಲ್ಲ. ನನ್ನ ಅಜ್ಜಿ ಇದನ್ನು ನೋಡಿದ್ದರೆ ಊಟ ಬಿಟ್ಟು ಏಳುತ್ತಿದ್ದಳು. ಅವಳ ಮನೆಯ ಹೊಸ್ತಿಲನ್ನು ನಾಯಿ ದಾಟುವಂತಿರಲಿಲ್ಲ. ಆದರೆ ಕರಿ ಕಂಬಳಿ ಹೊದ್ದು ಕೈಯಲ್ಲಿ ಡಮರುಗ ಹಿಡಿದು ಮೈಲಾರಲಿಂಗನ ಗೊರವಯ್ಯ ಬಂದರೆ, ಅವನ ದೋಣಿ-ಬಟ್ಟಲಿಗೆ ಹಾಲು ತುಪ್ಪ ಬಾಳೆಹಣ್ಣು ಹಾಕಿ, ಅವನು ದೇವರ ನಾಯಿಯಾಗಿ ಬೊಗಳುತ್ತ ಬಾಯಿ ಹಚ್ಚಿ ಅದನ್ನು ತಿನ್ನುವಾಗ ಸೆರಗೊಡ್ಡಿ ನಿಲ್ಲುತ್ತಿದ್ದಳು. ನಾಯಿ ಮನುಷ್ಯನಂತೆ ಒಳಗೆ ಕೂತರೆ ಮೈಲಿಗೆ, ಮನುಷ್ಯ ನಾಯಿಯಂತೆ ಅಂಗಳದಲ್ಲಿ ತಿಂದರೆ ಭಕ್ತಿ. ಇದನ್ನು ಮಗಳಿಗೆ ಹೇಳಿದೆ. ಅವಳು ಜರ್ಮನ್ನಿನಲ್ಲಿ ಬಡಿಸುವಾಕೆಗೆ ಹೇಳಹೋಗಿ, ಅರ್ಧಕ್ಕೇ ಸಾಕುಮಾಡಿದಳು.

ಮರುದಿನ ಹ್ಯಾನೋವರ್, ಬ್ರೆಮೆನ್, ಓಲ್ಡನ್‌ಬುರ್ಗ್. ಗುಡ್ಡ ಮುಗಿದು ನೆಲ ಚಪ್ಪಟೆಯಾಯಿತು, ಮಂಜಿನ ಜಾಗಕ್ಕೆ ಗಾಳಿ ಬಂತು. ಎಲ್ಲೆಲ್ಲೂ ಗಾಳಿಗಿರಣಿ. ಗದಗಿನ ಕಪ್ಪತಗುಡ್ಡದ ಕಡೆಯವು ನೆನಪಾದವು. ಆ ದೇಶದ ಮಂದಿಗೆ ಉತ್ತರದವರು ಮಾತು ಕಡಿಮೆ ಎಂದು ಹೇಳಿಕೊಳ್ಳುವ ಚಟವಿದೆ, ನಮ್ಮಲ್ಲಿ ಧಾರವಾಡದವರು ಬಾಯಿ ಜೋರು ಅನ್ನುವ ಹಾಗೆ.

ರೆಸ್ಟರ್‌ಹಾಫೆಗೆ ಮುಟ್ಟಿದಾಗ ಮಧ್ಯಾಹ್ನದ ಮೂರೂವರೆ, ಹೊತ್ತು ಆಗಲೇ ಇಳಿಯತೊಡಗಿತ್ತು. ಹಳ್ಳಿ ಎಂದರೆ ಕೆಲವೇ ಮನೆ, ಕೆಂಪಿಟ್ಟಿಗೆಯ ಇಗರ್ಜಿ, ಸುತ್ತ ಬಯಲು. ಆ ಕರಾವಳಿಯಲ್ಲಿ ಹಳೆಯ ಇಗರ್ಜಿಗಳನ್ನು ಮಣ್ಣು ಹೊತ್ತು ಎತ್ತರಿಸಿದ ದಿಬ್ಬಗಳ ಮೇಲೆ ಕಟ್ಟುತ್ತಿದ್ದರು, ಸಮುದ್ರ ಒಳಗೆ ನುಗ್ಗಿದರೆ ಜನ, ದನ ಹತ್ತಿ ನಿಲ್ಲಲು. 1717ರ ಕ್ರಿಸ್‌ಮಸ್ ರಾತ್ರಿ ಬಂದ ನೆರೆ ಉತ್ತರ ಸಮುದ್ರದ ದಂಡೆಯನ್ನು ತೊಳೆದು ಸಾವಿರಾರು ಜನರನ್ನು ಒಯ್ದಿತ್ತು. ಕಿಟ್ಟೆಲ್ ಹುಡುಗನಾಗಿದ್ದಾಗ ಆ ಕತೆಗಳನ್ನು ಕೇಳಿಯೇ ಬೆಳೆದಿರಬೇಕು. ಇಗರ್ಜಿಯ ಬಾಗಿಲು ಮುಚ್ಚಿತ್ತು, ಸುತ್ತು ಹಾಕಿದೆವು. ಕಣ್ಣಿಗೆ ಅಡ್ಡ ಬರುವ ಒಂದು ಗುಡ್ಡವಿಲ್ಲ, ಗಾಳಿಗೆ ಅಡ್ಡ ಬರುವ ಒಂದು ಗೋಡೆಯಿಲ್ಲ. ಇಂಥಲ್ಲಿಂದ ಹೊರಟ ಹುಡುಗ ಸಹ್ಯಾದ್ರಿ ಹತ್ತಿ ಇಳಿದು ಧಾರವಾಡದ ಮಳೆಯೊಳಗೆ ಬಂದು ನಿಂತಾಗ ಏನನ್ನಿಸಿರಬಹುದು ಎಂದು ಯೋಚಿಸುತ್ತಿದ್ದೆ. ಆಗ ಬಂದವರು ಒಬ್ಬ ಮುದುಕರು, ಜೊತೆಗೆ ಜಡೆಗಟ್ಟಿದ ಕೂದಲಿನ ಮುದಿ ನಾಯಿ.

ನಾಯಿಗಳು ಒಂದನ್ನೊಂದು ಮೂಸಿದವು. ಆ ದೇಶದಲ್ಲಿ ಅಪರಿಚಿತರ ನಡುವೆ ಮಾತು ಹುಟ್ಟಲು ಇದೊಂದೇ ದಾರಿ ಎಂದು ನಾನು ಆಗಲೇ ಕಂಡುಕೊಂಡಿದ್ದೆ. ತಳಿ ಕೇಳಿದರು. ಅಳಿಯ ಎಂದಿನ ಉತ್ತರ ಕೊಟ್ಟ. ಮುದುಕರು ಹುಬ್ಬೇರಿಸಿ, ಅದು ಎಲ್ಲಿ ಎಂದರು. ಮಗಳು ವಿವರಿಸಿದಳು. ಕಿಟ್ಟೆಲ್ ಹೆಸರು ಹೇಳಿದಾಗ ಪಾದ್ರಿಯ ಮಗ, ಇಂಡಿಯಾಕ್ಕೆ ಹೋದವನು ಎಂದು ಅವರು ತಾವಾಗಿ ಹೇಳಿದರು. ಆದರೆ ಅವರ ಆಸಕ್ತಿ ನಿಘಂಟಿಗಿಂತ ನಾಯಿಯ ಮೇಲಿತ್ತು. ನೀವು ಇವಳನ್ನು ಹೇಗೆ ಕರೆಯುತ್ತೀರಿ, ಯಾವ ಭಾಷೆಯಲ್ಲಿ ಎಂದರು. ನಾನು "ಕುರೂ ಕುರೂ" ಎಂದು ತೋರಿಸಿದೆ. ಅವರು ಬಾಯಿ ಮುಂದೆ ಮಾಡಿ ಪ್ರಯತ್ನಿಸಿದರು. ಅವರ ರಕಾರ ಗಂಟಲಿನಿಂದ ಬರುತ್ತಿತ್ತು. ಕೆಂಚಿ ಕಿವಿ ನಿಮಿರಿಸಿ ಅವರ ಮುಖವನ್ನೇ ನೋಡಿ, ಹೋಗಿ ಅವರ ಬೂಟಿನ ಮೇಲೆ ಕೂತಳು. "ನೋಡವಾ, ಪಕ್ಷಾಂತರ" ಎಂದಳು ಮಗಳು.

ಅಲ್ಲಿಂದ ಕಡಲದಂಡೆಯ ಬಾಡಿಗೆ ಮನೆಗೆ ಮುಟ್ಟಿದಾಗ ಅದರ ಒಡತಿ ಚಹಾಕ್ಕೆ ಕರೆದಳು. ಪೂರ್ವ ಫ್ರೀಸ್‌ಲ್ಯಾಂಡಿನವರು ಒಬ್ಬೊಬ್ಬರು ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುವ ಜನ, ಜಗತ್ತಿನಲ್ಲಿ ಅವರದೇ ಮೇಲುಗೈ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ಹರಳು, ಅದರ ಮೇಲೆ ಖಡಕ್ ಅಸ್ಸಾಮ್ ಚಹಾ, ಹರಳು ಚಟಚಟ ಸೀಳುತ್ತದೆ. ಆಮೇಲೆ ಚಮಚದಿಂದ ಅಂಚಿಗೆ ಕೆನೆ. ಕದಡಬಾರದು. ಮೊದಲು ಕೆನೆ, ನಡುವೆ ಒಗರು, ತಳದಲ್ಲಿ ಸಿಹಿ. ಮೂರು ಬಟ್ಟಲು ಕುಡಿಯುವುದು ಮರ್ಯಾದೆ, ಸಾಕಾದರೆ ಚಮಚವನ್ನು ಬಟ್ಟಲಲ್ಲಿಟ್ಟು ತೋರಿಸಬೇಕು. ನಾನು ಧಾರವಾಡದ ಪೇಢೆ ಕೊಟ್ಟೆ. ಆಕೆ ಅದನ್ನು ಚಾಕುವಿನಿಂದ ನಾಲ್ಕು ಭಾಗ ಮಾಡಿ ತಿಂದಳು. ಪೇಢೆಗೆ ಅಷ್ಟು ಮರ್ಯಾದೆ ನಾನು ಎಲ್ಲೂ ನೋಡಿಲ್ಲ.

ಹನ್ನೆರಡು ಗಂಟೆಗೆ ದೂರದ ಊರುಗಳ ಕಡೆ ಬಾನಂಚು ಮಿಣುಕಿತು. ಸದ್ದು ಗಾಳಿಯಲ್ಲಿ ಕರಗಿ ಹೋಗುತ್ತಿತ್ತು. ಕೆಂಚಿ ಹೆದರಲಿಲ್ಲ. ಅವಳಿಗೆ ತಳಮಳವಾದದ್ದು ಬೇರೆಯದಕ್ಕೆ. ಧಾರವಾಡದಲ್ಲಿ ರಾತ್ರಿ ಒಂದು ನಾಯಿ ಬೊಗಳಿದರೆ ಕೆಲಗೇರಿಯ ತನಕ ಓಣಿ ಓಣಿಯಿಂದ ಉತ್ತರ ಬರುತ್ತದೆ. ಇಲ್ಲಿ ಅಮಾಸಿಯ ಮರುರಾತ್ರಿಯ ಕತ್ತಲಲ್ಲಿ ಅಂಗಳಕ್ಕೆ ಬಿಟ್ಟಾಗ ಅವಳು ಒಂದು ಸಲ ಬೊಗಳಿದಳು, ನಿಂತಳು, ಕಿವಿಗೊಟ್ಟಳು. ಇನ್ನೊಂದು ಸಲ ಬೊಗಳಿದಳು. ಯಾರೂ ಇಲ್ಲ. ಕೊನೆಗೆ ಉತ್ತರ ಕೊಟ್ಟದ್ದು ಕಡಲೊಡ್ಡಿನ ಆಚೆ ಇದ್ದ ಬಾತುಗಳು. ಆರ್ಕ್ಟಿಕ್ ಕಡೆಯಿಂದ ಚಳಿಗಾಲ ಕಳೆಯಲು ಸಾವಿರಗಟ್ಟಲೆ ಅಲ್ಲಿಗೆ ಬರುತ್ತವೆ. ಒಮ್ಮೆಗೇ ಗದ್ದಲ ಎದ್ದಿತು. ಕೆಂಚಿ ನನ್ನ ಕಾಲಿನ ಹಿಂದೆ ಬಂದು ನಿಂತಳು. ಬೆಳಿಗ್ಗೆ ಸುದ್ದಿ ನೋಡಿದರೆ, ಆ ರಾತ್ರಿ ದೇಶದಲ್ಲಿ ಪಟಾಕಿ ಅವಘಡಗಳಲ್ಲಿ ಐದು ಜನ ಸತ್ತಿದ್ದರು.

ಅಲ್ಲಿಂದ ಬಂದ ಮೇಲೆ, 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ದೊಡ್ಡಿಗೆ ಹಾಕಿ ಎಂದಿತು, ಎರಡು ವಾರದೊಳಗೆ ಆ ಆದೇಶವನ್ನು ಬದಲಿಸಿತು. ನಮ್ಮ ಓಣಿಯ ಕಟ್ಟೆಯ ಮೇಲೂ ಎರಡು ಪಕ್ಷವಾಯಿತು. ಓಣಿ ನಾಯಿಯ ಬದುಕು ಚೆಂದ ಎಂದು ಬರೆಯುವುದು ಸುಲಭ. ರಾತ್ರಿ ಪಾಳಿ ಮುಗಿಸಿ ನಡೆದು ಬರುವ ನರ್ಸಮ್ಮನನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಕಚ್ಚಿಸಿಕೊಂಡವರ ಮುಂದೆ ನಾಯಿಪ್ರೀತಿಯ ಮಾತು ನನಗೆ ಬಾಯಿಗೆ ಬರುವುದಿಲ್ಲ. ಹಾಗೆಂದು ತೆರಿಗೆ ಬಿಲ್ಲೆ, ಮುಲಾಮು, ಸರಕಿನ ಪೆಟ್ಟಿಗೆಯೇ ನಾಯಿಯ ಸ್ವರ್ಗ ಎನ್ನಲೂ ಮನಸ್ಸೊಪ್ಪದು.

ಹೂ ಮಾರುವಾಕೆ ಈಗಲೂ ಮೂಲೆಯಲ್ಲೇ ಕೂಡುತ್ತಾಳೆ. ನಾನು ವಾಪಸು ಬಂದಾಗ ಅವಳು ಮೊದಲು ಕೇಳಿದ್ದು ಕೆಂಚಿಯ ಸುದ್ದಿಯನ್ನೇ.

"ಅಕ್ಕಾರ, ನಮ್ಮ ಕೆಂಚೀಗಿ ಅಲ್ಲೆ ರೊಟ್ಟಿ ಸಿಗತೈತೇನ್ರಿ?"

"ಹೊಟ್ಟಿ ತುಂಬ ಸಿಗತೈತಿ. ಆದ್ರ ಒಬ್ಬಾಕಿನ ಕುಂತು ತಿಂತಾಳ ನೋಡು."

"ಪುಣ್ಯಾ ಮಾಡ್ಯಾಳ ಬಿಡ್ರಿ. ನಮಗ ದಿನಾ ಆರು ಮಂದಿ ಕಚ್ಚ್ಯಾಡಿ ತಿನ್ನೂದು ಐತಿ."